ಉಗ್ರಾಣ ಎಂದು ಬರೆದ ಜಾಗ

ತಾನೇ ಕಟ್ಟಿದ ಕಟ್ಟಡದೊಳಕ್ಕೆ ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡು ಬರಬೇಕಾದೀತೆಂದು ಅವಳು ಎಣಿಸಿರಲಿಲ್ಲ. ಆಸ್ಪತ್ರೆಯ ಆಪರೇಷನ್ ವಿಭಾಗಕ್ಕೆ ಅಂಟಿಕೊಂಡಿರುವ ಈ ಕಾಯುವ ಹಜಾರದ ಒಂದೊಂದು ಇಟ್ಟಿಗೆ ಸಾಲೂ ಅವಳಿಗೆ ಗೊತ್ತು. ಯಾವ ಮೂಲೆಯಲ್ಲಿ ಮೇಸ್ತ್ರಿ ಮುನಿಸಿಕೊಂಡು ಗಾರೆ ತೆಳ್ಳಗೆ ಬಳಿದ, ಯಾವ ಕಿಟಕಿಯನ್ನು ಒಡೆಸಿ ಮತ್ತೆ ಕಟ್ಟಿಸಿದಳು, ಎಲ್ಲ ಅಂಗೈಯ ಗೆರೆಯಷ್ಟು ಪರಿಚಿತ. ಆದರೆ ಇವತ್ತು ಬೆಳಿಗ್ಗೆ ಬಾಗಿಲ ಕಾವಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ರೋಗಿ ಜೊತೆ ಒಬ್ರೇ ಅಮ್ಮಾ. ಇದನ್ನ ಕೊರಳಿಗೆ ಹಾಕ್ಕೊಳ್ಳಿ. ಕರೆದಾಗ ಇಲ್ಲಿಲ್ಲ ಅಂದ್ರೆ ಆಮೇಲೆ ನಮ್ಮನ್ನ ಬೈಬೇಡಿ" ಎಂದು ದಾರ ಕಟ್ಟಿದ ರಟ್ಟಿನ ತುಂಡು ಕೈಗಿಟ್ಟಾಗ ಅವಳು ಹಾಕಿಕೊಂಡಳು. ರಟ್ಟಿನ ಮೇಲೆ ಇಪ್ಪತ್ತೊಂದು ಎಂದಿತ್ತು. ಚಿಕ್ಕಮ್ಮನ ಹಾಸಿಗೆಯ ನಂಬರು. ಹಜಾರದೊಳಗೆ ಕಾಲಿಟ್ಟಾಗ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಜಾಲಿ ಗೋಡೆಯಿಂದ ಸೋಸಿ ಬಂದ ಬೆಳಕು ನೆಲದ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಅದರ ಮೇಲೆ ಕಾಲಿಡಲು ಮನಸ್ಸಾಗದೆ, ಮರುಗಳಿಗೆಯಲ್ಲೇ ತನ್ನ ಈ ಮೋಹಕ್ಕೆ ತಾನೇ ನಾಚಿ, ಎಲ್ಲರ ಹಾಗೆ ತುಳಿದುಕೊಂಡೇ ಹೋಗಿ ಮೂಲೆಯ ಬೆಂಚಿನಲ್ಲಿ ಕೂತಳು.

ಇವತ್ತೇ ಆಗಬೇಕಿತ್ತೆ ಎಂದು ಯಾರನ್ನು ಕೇಳುವುದು? ಚಿಕ್ಕಮ್ಮನ ಪಿತ್ತಕೋಶದ ಕಲ್ಲುಗಳನ್ನೆ? ಅವು ಮೊನ್ನೆ ಸಂಜೆ ಇದ್ದಕ್ಕಿದ್ದಂತೆ ಕೆರಳಿಕೊಂಡವು. ತಡ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಅತ್ತ, ಕಟ್ಟಡಗಳ ವಿನ್ಯಾಸಕ್ಕೆಂದು ಕೊಡುವ ಆ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿ ಉಳಿದಿರುವ ಕೆಲವೇ ಕಟ್ಟಡಗಳಲ್ಲಿ ಈ ಹಜಾರವೂ ಒಂದು. ಅದನ್ನು ಕಣ್ಣಾರೆ ನೋಡಲು ಪರದೇಶದಿಂದ ಒಬ್ಬ ಪರಿಶೀಲಕ ಬರುವುದೂ ಇವತ್ತೇ. ಆ ಪ್ರಶಸ್ತಿಗೊಂದು ಕಟ್ಟುನಿಟ್ಟಿನ ನಿಯಮವಿದೆ. ಪರಿಶೀಲಕ ಕಟ್ಟಡದಲ್ಲಿರುವಷ್ಟು ಹೊತ್ತು ಅದನ್ನು ವಿನ್ಯಾಸ ಮಾಡಿದವರಾಗಲಿ, ಅವರ ಕಚೇರಿಯವರಾಗಲಿ ಅಲ್ಲಿ ಇರಕೂಡದು. ಕಟ್ಟಡ ತನ್ನ ಪರವಾಗಿ ತಾನೇ ಮಾತಾಡಬೇಕು, ಬಳಸುವ ಜನ ಯಾರ ಮುಲಾಜೂ ಇಲ್ಲದೆ ಬಾಯಿ ಬಿಡಬೇಕು. ನಿಯಮ ಮುರಿದರೆ ಕಟ್ಟಡ ಪಟ್ಟಿಯಿಂದ ಹೊರಗೆ. ಕಚೇರಿಯಲ್ಲಿ ಅವಳ ಕಿರಿಯ ಪಾಲುದಾರ, ಕಡ್ಡಿಯಂಥ ಮೈಗೂ ಗೆರೆ ಎಳೆದಂಥ ಸ್ವಭಾವಕ್ಕೂ ಸೇರಿ ಎಲ್ಲರೂ ಸ್ಕೇಲು ಎಂದೇ ಕರೆಯುವವನು, ನಿನ್ನೆಯಿಂದ ಫೋನಿನಲ್ಲಿ ಒದ್ದಾಡುತ್ತಿದ್ದ. "ಮೇಡಂ, ನಿಮ್ಮ ಬದಲು ನಾನು ಹೋಗಿ ಕೂರ್ತೀನಿ." "ನೀನೂ ಕಚೇರಿಯವನೇ ಅಲ್ವೇನೋ?" "ಹಾಗಾದ್ರೆ ನಮ್ಮಮ್ಮನ್ನ ಕಳಿಸ್ತೀನಿ." "ಒಳಗೆ ಮಲಗಿರೋದು ನಿಮ್ಮಮ್ಮ ಅಲ್ಲ." ಕೊನೆಗೆ ಅವನು ಸೋತ ದನಿಯಲ್ಲಿ ಹೇಳಿದ್ದ: "ಸರಿ. ಮೂಲೇಲಿ ಕೂತ್ಕೊಳ್ಳಿ. ಏನಾದ್ರೂ ಓದ್ತಾ ಇರಿ. ನಿಮ್ಮ ಮುಖ ಅವರಿಗೆ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ ಟೀಚರು ಅನ್ನಿ. ಕೈ ಮುಗೀತೀನಿ, ಗೋಡೆ ಮುಟ್ಟಿ ಮುಟ್ಟಿ ನೋಡ್ಬೇಡಿ."

ಗೋಡೆ ಮುಟ್ಟಿ ನೋಡುವ ಚಾಳಿ ಅವಳಿಗಿರುವುದು ನಿಜ. ಈಗಲೂ ಬೆರಳುಗಳು ಬೆಂಚಿನ ಅಂಚನ್ನು ತಡವುತ್ತಿದ್ದುದು ಕಂಡು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಚಿಕ್ಕಮ್ಮನಿಗೆ ತಾನಲ್ಲದೆ ಬೇರೆ ಯಾರಿದ್ದಾರೆ? ಚಿಕ್ಕಮ್ಮ ಮದುವೆಯಾದವಳಲ್ಲ, ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿ, ಕೊರಳಲ್ಲಿ ಸೀಟಿ ಹಾಕಿಕೊಂಡು, ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗಿಯ ಗೂನು ಬೆನ್ನನ್ನು ಬರಿಯ ದನಿಯಿಂದ ನೆಟ್ಟಗೆ ಮಾಡಿದವಳು. ನಿನ್ನೆ ದಾಖಲಾಗುವಾಗ, ಹೊಟ್ಟೆನೋವಿನಲ್ಲೂ, ಗಾಲಿಕುರ್ಚಿಯನ್ನು ಹಜಾರದ ಬಾಗಿಲಲ್ಲಿ ನಿಲ್ಲಿಸಿ ಗೋಡೆಯ ಅಮೃತಶಿಲೆಯ ಫಲಕವನ್ನು ಹಾಜರಿ ಕರೆಯುವ ರಾಗದಲ್ಲಿ ಓದಿದ್ದಳು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಗುತ್ತಿಗೆದಾರರು. "ಇಷ್ಟೇನಾ? ಬಂದು ಟೀ ಕುಡಿದು ಹೋದವರ ಹೆಸರೆಲ್ಲ ಇದೆ. ನಿಂದೆಲ್ಲೇ?" "ನಮ್ಮ ಹೆಸರು ಹಾಕಲ್ಲ ಚಿಕ್ಕಮ್ಮ." "ಹಾಕಲ್ಲ ಅಂದ್ರೆ? ನೀನು ಕೇಳಿದ್ಯಾ?" ಅವಳು ಕೇಳಿರಲಿಲ್ಲ. ಈ ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಹೋಗುವಾಗಲೂ ಚಿಕ್ಕಮ್ಮನ ಬಾಯಿಗೆ ಬಿಡುವಿರಲಿಲ್ಲ. "ನೀನು ಹೊರಗೆ ಕಲ್ಲು ಜೋಡಿಸ್ತೀಯ, ನಾನು ಹೊಟ್ಟೆಯೊಳಗೇ ಜೋಡಿಸಿಟ್ಟಿದೀನಿ. ನಂಗೂ ಒಂದು ಪ್ರಶಸ್ತಿ ಕೊಡಿಸು" ಎಂದು ನರ್ಸನ್ನು ನಗಿಸಿ, ಆಮೇಲೆ ದನಿ ತಗ್ಗಿಸಿ, ಅಂದರೆ ಪಕ್ಕದ ಕೋಣೆಗಷ್ಟೇ ಕೇಳುವಷ್ಟು ತಗ್ಗಿಸಿ, "ಆ ಪರದೇಶದವನು ಬಂದ್ರೆ ಎದ್ದು ನಿಂತು ಹೇಳು, ನಾನೇ ಕಟ್ಟಿದ್ದು ಅಂತ" ಎಂದಳು. "ಹೇಳೋ ಹಾಗಿಲ್ಲ ಚಿಕ್ಕಮ್ಮ. ಹೇಳಿದ್ರೆ ಪ್ರಶಸ್ತಿ ಹೋಗತ್ತೆ." ಚಿಕ್ಕಮ್ಮ ಅವಳನ್ನು ದುರುಗುಟ್ಟಿ ನೋಡಿದಳು. "ಯಾವ ಸೀಮೆ ಪ್ರಶಸ್ತಿನೇ ಅದು! ಕಟ್ಟಿದೋಳು ಬಾಯಿ ಮುಚ್ಕೊಂಡಿದ್ರೆ ಕೊಡೋದು!"

ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಕಷ್ಟದ ಕೆಲಸವೇನಲ್ಲ. ಚಿಕ್ಕಮ್ಮನದೇ ಶಾಲೆಯಲ್ಲಿ ಓದುತ್ತಿದ್ದಾಗ, ಮೈದಾನದ ಗೋಡೆಗೆ ಹಚ್ಚಿದ ಒಂದು ಚಿತ್ರದ ಮುಂದೆ ನಿಂತು, ಬಹುಮಾನ ಕೊಡಲು ಬಂದ ಅತಿಥಿ "ಇದನ್ನ ಬರೆದೋರು ಯಾರಮ್ಮ?" ಎಂದಾಗ ಅವಳ ಗಂಟಲಿನಿಂದ 'ನಾನು' ಎಂಬುದು ಬರಿಯ ಗಾಳಿಯಾಗಿ ಹೊರಟಿತ್ತು. ಮೈದಾನದ ಹಿಂದಿನಿಂದ ಚಿಕ್ಕಮ್ಮ ಕೂಗಿದ್ದಳು: "ಕೇಳಿಸಲಿಲ್ಲ!" ಮತ್ತೆ ಹೇಳಿದಳು. "ಇನ್ನೂ ಕೇಳಿಸಲಿಲ್ಲ!" ಇಡೀ ಶಾಲೆ ನಕ್ಕಿತ್ತು. ಆಮೇಲೆ ಬಹುಮಾನದ ಬಣ್ಣದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಗೆ ಬರುವಾಗ, ಅದನ್ನು ಯಾರೋ ಬೇರೆಯವರು ಗೆದ್ದು ತನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದಾರೆ ಎನಿಸಿತ್ತು. ಅಂದಿನಿಂದ ಅವಳು ನಾವು ಎಂದೇ ಅಂದವಳು. ನಾವು ಹೀಗೆ ಯೋಚಿಸಿದೆವು, ನಮ್ಮ ಕಚೇರಿಯ ಅಭಿಪ್ರಾಯ. ಈ ಕಟ್ಟಡ ಏಳುತ್ತಿದ್ದಾಗ ಧೂಳಿನಲ್ಲಿ ನಿಂತಿದ್ದ ಅವಳನ್ನು ಸಿಮೆಂಟು ತಂದವನು, ಮರ ತಂದವನು, ಕೊನೆಗೆ ಆಸ್ಪತ್ರೆಯ ಗುಮಾಸ್ತನೂ ಕೇಳುತ್ತಿದ್ದುದು ಒಂದೇ: "ಸಾಹೇಬ್ರು ಯಾವಾಗ ಬರ್ತಾರಮ್ಮ?" ಅವಳು "ಬರ್ತಾರೆ" ಎಂದು ಹೇಳಿ ಟೇಪು ಬಿಚ್ಚಿ ಅಳೆಯತೊಡಗುತ್ತಿದ್ದಳು. ಎಷ್ಟೋ ತಿಂಗಳು ಒಬ್ಬ ಸಾಹೇಬ ಬರಲಿಕ್ಕಿದ್ದ, ಬರಲೇ ಇಲ್ಲ, ಕಟ್ಟಡ ಮಾತ್ರ ಮುಗಿಯಿತು.

ಹಜಾರ ನಿಧಾನವಾಗಿ ತುಂಬಿತು. ಕಟ್ಟಿದ ಮೇಲೆ ಅವಳು ಇಲ್ಲಿಗೆ ಬಂದದ್ದುಂಟು, ಆದರೆ ನೋಡಲು ಬಂದದ್ದು, ಕಾಯಲು ಬಂದದ್ದಲ್ಲ. ಈಗ, ಕೊರಳಲ್ಲಿ ರಟ್ಟು ನೇತುಹಾಕಿಕೊಂಡು ನೋಡಿದರೆ ಅದು ಬೇರೆಯೇ ಜಾಗ. ಬೆಂಚಿನ ಮೇಲುಗಡೆ ಸಾಲಾಗಿ ಹಾಕಿಸಿದ ಗೂಟಗಳಿಗೆ ಜನ ಕೇಳದೆಯೇ ಚೀಲ ತೂಗುಹಾಕುತ್ತಿದ್ದರು. ಆ ಗೂಟಗಳಿಗಾಗಿ ಅವಳು ಜಗಳವಾಡಿದ್ದಳು. ಒಬ್ಬ ಮುದುಕ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿ, ಟೋಪಿಯಿಂದ ಮುಖ ಮುಚ್ಚಿಕೊಂಡು, ತನ್ನ ಅಳತೆ ತೆಗೆದೇ ಕಟ್ಟಿದ್ದಾರೋ ಎಂಬಂತೆ ಗೊರಕೆ ಹೊಡೆಯುತ್ತಿದ್ದ. ಅವಳ ಒಳಗೆ ಏನೋ ಹಿಗ್ಗಿತು. ಯಾರಾದರೂ ನೋಡಿಯಾರೆಂದು ಮುಖ ಬಿಗಿಮಾಡಿಕೊಂಡಳು. ಆದರೆ ಬೆಂಚುಗಳು? ಒಳಗಿನ ಸುದ್ದಿ ಬರುವ ಬಾಗಿಲು ಎಲ್ಲರಿಗೂ ಕಾಣಲಿ ಎಂದು ಅವಳು ಎಲ್ಲ ಬೆಂಚುಗಳನ್ನೂ ಆ ಬಾಗಿಲಿಗೆ ಮುಖ ಮಾಡಿಸಿ ನೆಲಕ್ಕೆ ಗಟ್ಟಿಯಾಗಿ ಕೂರಿಸಿದ್ದಳು. ಈಗ ನೋಡಿದರೆ ಮುಂದಿನ ಸಾಲು ಹೆಚ್ಚುಕಡಿಮೆ ಖಾಲಿ. ಜನ ಹಿಂದಿನ ಮೆಟ್ಟಿಲ ಮೇಲೆ, ನೆಲದ ಮೇಲೆ, ಬಾಗಿಲಿಗೆ ಬೆನ್ನು ತಿರುಗಿಸಿ ಹೊರಗಿನ ಮರ ನೋಡುತ್ತ ಕೂತಿದ್ದರು. ಅವಳಿಗೂ ಅರ್ಧ ಗಂಟೆಯೊಳಗೇ ಗೊತ್ತಾಯಿತು. ಆ ಬಾಗಿಲು ಯಾತಕ್ಕೆ ಅಲುಗಿದರೂ ಎದೆ ಬಾಯಿಗೆ ಬರುತ್ತಿತ್ತು. ಕಸ ಗುಡಿಸುವವಳು ಹೊರಗೆ ಬಂದರೂ ಬರುತ್ತಿತ್ತು.

ಪಕ್ಕದಲ್ಲಿ ಕೂತ ಹೆಂಗಸು ಅದನ್ನೇ ಬಾಯಿಬಿಟ್ಟು ಹೇಳಿದಳು. ಹಸಿರು ಶಾಲು ಹೊದ್ದವಳು. ಒಂದು ದೊಡ್ಡ ಕಪ್ಪು ಕೊಡೆಯನ್ನು ಗೂಟಕ್ಕೆ ತೂಗುಹಾಕಿ, ಅದು ಬಿದ್ದೀತೇ ಎಂದು ಮತ್ತೆ ಮತ್ತೆ ನೋಡುತ್ತಿದ್ದಳು. ಅವಳ ರಟ್ಟಿನ ಮೇಲೆ ಹದಿನಾರು. "ಕೊಡೆ ನಮ್ಮೋರದು" ಎಂದಳು. "ಆಪರೇಷನ್ಗೆ ಹೋಗುವಾಗ್ಲೂ, ಮೋಡ ಆಗಿದೆ, ಕೊಡೆ ತಗೊಂಡು ಬಾ ಅಂದ್ರು. ಹೃದಯ ಬಿಚ್ಚಿಸ್ಕೊಳ್ಳೋಕೆ ಹೊರಟೋರು ಮೋಡದ ಚಿಂತೆ ಮಾಡ್ತಾರೆ ನೋಡಿ." ಆಮೇಲೆ ಬಾಗಿಲತ್ತ ಗಲ್ಲ ಚಾಚಿ, "ಇದನ್ನ ಕಟ್ಟಿದ ಮಹಾರಾಯರು ಯಾರೋ! ಎಲ್ಲ ಚೆನ್ನಾಗಿದೆ, ಬೆಂಚು ಮಾತ್ರ ಪರೀಕ್ಷೆ ಹಾಲ್ ಥರ. ಆ ಬಾಗಿಲನ್ನೇ ನೋಡ್ತಾ ಕೂತ್ರೆ ಒಳಗಿರೋರಿಗಿಂತ ಮುಂಚೆ ನಮ್ಮ ಪ್ರಾಣ ಹೋಗತ್ತೆ" ಎಂದಳು. "ಪಾಪ, ಅವರಿಗೆ ಗೊತ್ತಾಗಿರ್ಲಿಕ್ಕಿಲ್ಲ" ಎಂದಳು ಇವಳು, ಕಿವಿ ಬಿಸಿಯಾಗಿ. "ಗಂಡಸೇ ಇರ್ಬೇಕು. ಕಾದು ಗೊತ್ತಿಲ್ಲದೋರು." ಇವಳಿಗೆ ನಗು ಬಂತು, ನಗುವಿನ ಹಿಂದೆಯೇ ಚುರ್ರೆಂದಿತು. ಕಾದು ಗೊತ್ತಿದ್ದರಿಂದಲೇ ತಾನೆ ಹೀಗೆ ಕಟ್ಟಿದ್ದು? ಒಂದು ಸಲ, ಒಂದೇ ಕಾರಿಡಾರಿನಲ್ಲಿ ಕಾದವಳು ಲೋಕದ ಎಲ್ಲರ ಕಾಯುವಿಕೆಯೂ ಹಾಗೆಯೇ ಎಂದುಕೊಂಡಿದ್ದಳು. ಇಬ್ಬರೂ ಒಂದು ಪೊಟ್ಟಣ ಬಿಸ್ಕತ್ತು ಹಂಚಿಕೊಂಡು, ಸ್ವಲ್ಪ ಓರೆಯಾಗಿ ಮರದ ಕಡೆ ತಿರುಗಿ ಕೂತರು.

ಆ ಕಾರಿಡಾರು ಬೇರೊಂದು ಆಸ್ಪತ್ರೆಯದು. ಎರಡೂ ಕಡೆ ಜನ ಗೋಡೆಗೊರಗಿ ನಿಂತಿದ್ದರು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಅಪ್ಪ ಹೋದರು ಎಂದು ಡಾಕ್ಟರು ಆ ತುದಿಯಲ್ಲೇ, ಎಲ್ಲರೆದುರಿಗೇ ಹೇಳಿದರು. ಅಮ್ಮ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಬಾಯಿ ತೆರೆದು, ಮನುಷ್ಯರದ್ದಲ್ಲದ ಒಂದು ದನಿ ತೆಗೆಯುತ್ತ ಆ ಕಣ್ಣುಗಳ ನಡುವೆ ನಡೆದು ಬರಬೇಕಾಯಿತು. ಕಾರಿಡಾರು ಮುಗಿಯುವಂತೆಯೇ ಇರಲಿಲ್ಲ. ಜನ ಕೆಟ್ಟವರಾಗಿರಲಿಲ್ಲ, ನೋಡುತ್ತಿದ್ದರು, ಅಷ್ಟೆ, ತಮ್ಮ ಸರದಿ ಹೇಗಿರುತ್ತದೆ ಎಂದು ನೋಡುವವರ ಹಾಗೆ. ಕಾಲೇಜಿಗೆ ಹೋಗುತ್ತಿದ್ದ ಅವಳು ಅಮ್ಮನ ಮುಂದೆ ಮುಂದೆ, ಸಂಬಂಧವಿಲ್ಲದವಳ ಹಾಗೆ, ಬಿರಬಿರನೆ ನಡೆದಳು. ಆಗ ಹಿಂದಿನಿಂದ, ಅಮ್ಮನನ್ನು ತೋಳಿನಲ್ಲಿ ಆತುಕೊಂಡು ಬರುತ್ತಿದ್ದ ಚಿಕ್ಕಮ್ಮ, ಮೈದಾನದ ದನಿಯಲ್ಲಿ ಗುಡುಗಿದಳು: "ಏನ್ ನೋಡ್ತೀರಿ? ಎಲ್ಲಾ ಹಿಂದಕ್ಕೆ ತಿರುಗ್ರಿ!" ತಿರುಗಿದರು. ಅದೇ ಆಶ್ಚರ್ಯ. ಇಡೀ ಕಾರಿಡಾರು, ಮುದುಕರು ಮಕ್ಕಳು ಎಲ್ಲ, ಶಾಲೆಯ ಹುಡುಗಿಯರ ಹಾಗೆ ಒಟ್ಟಿಗೆ ಗೋಡೆಗೆ ಮುಖ ಮಾಡಿ ನಿಂತಿತು. ಆ ಬೆನ್ನುಗಳ ನಡುವೆ ಅಮ್ಮ ತನ್ನ ಪಾಡಿಗೆ ತಾನು ಅಳುತ್ತ ಹೊರಗೆ ಬಂದಳು. ಎಷ್ಟೋ ವರ್ಷದ ಮೇಲೆ, ಈ ಹಜಾರದ ಕೆಲಸ ಕೈಗೆ ಬಂದಾಗ, ಅವಳು ಖಾಲಿ ಹಾಳೆಯ ಮೇಲೆ ಮೊದಲು ಎಳೆದದ್ದು ಒಂದು ಗೋಡೆಯನ್ನು.

ಸುದ್ದಿಯ ಬಾಗಿಲಿನ ಪಕ್ಕದಲ್ಲೇ ಓರೆಯಾಗಿ ನಿಂತ ಗೋಡೆ. ನರ್ಸು ಬಾಗಿಲಲ್ಲಿ ನಿಂತು ನಂಬರು ಕರೆದರೆ, ಕರೆಸಿಕೊಂಡವರು ಆ ಗೋಡೆಯ ಹಿಂದಕ್ಕೆ ಹೋಗುತ್ತಾರೆ. ಎಲ್ಲರೂ ಅಲ್ಲಿಗೇ. ಅಲ್ಲಿಂದ ಮುಂದೆ ಎರಡು ದಾರಿ. ಎಡಕ್ಕೆ ಸ್ಪ್ರಿಂಗಿನ ಬಾಗಿಲು ದಾಟಿದರೆ ಚೇತರಿಸಿಕೊಳ್ಳುವವರ ವಾರ್ಡು. ಬಲಕ್ಕೆ ಬಾಗಿಲಿಲ್ಲದ ಒಂದು ತಿರುವು. ಅದರಾಚೆ ಎತ್ತರದ ಗೋಡೆಗಳ ಪುಟ್ಟ ಅಂಗಳ, ಒಂದು ಕಟ್ಟೆ, ಒಂದು ನಲ್ಲಿ, ಹಿಂದಿನ ಬೀದಿಗೆ ಒಂದು ಗೇಟು. ಕರೆಸಿಕೊಂಡವರು ಯಾರೂ ಹಜಾರದ ಮೂಲಕ ಮರಳಿ ಬರುವುದಿಲ್ಲ. ಬದುಕಿದವರ ಕಡೆಯವರೂ ಇಲ್ಲ, ಸತ್ತವರ ಕಡೆಯವರೂ ಇಲ್ಲ. ಹಾಗಾಗಿ ಹಜಾರದಲ್ಲಿ ಕೂತವರ ಮಟ್ಟಿಗೆ ಎಲ್ಲರ ಸುದ್ದಿಯೂ ಒಂದೇ. ದನಿ ದಾಟದಿರಲೆಂದು ಆ ಗೋಡೆಯನ್ನು ಜೋಡಿ ಗೋಡೆಯಾಗಿ, ನಡುವೆ ಪೊಳ್ಳು ಬಿಟ್ಟು ಕಟ್ಟಿಸಿದ್ದಳು. ಆಸ್ಪತ್ರೆಯ ಕಟ್ಟಡ ಸಮಿತಿಯ ದೊಡ್ಡ ಅಧಿಕಾರಿ ನಕ್ಷೆ ನೋಡಿ ನಕ್ಕಿದ್ದ. "ಏನ್ರಮ್ಮಾ ಇದು, ಅಳೋಕೊಂದು ಜಾಗ ಅಂತ ನಕ್ಷೇಲಿ ಬರೆಯೋಕಾಗತ್ತಾ? ನಾಳೆ ನಗೋಕೊಂದು ಜಾಗ ಕೇಳ್ತೀರಿ." ಮೇಜಿನ ಸುತ್ತಲಿದ್ದವರೆಲ್ಲ ನಕ್ಕರು; ಅವಳೂ, ಹೊಟ್ಟೆ ಉರಿಯುತ್ತಿದ್ದರೂ, ನಕ್ಕಳು. ಮನೆಗೆ ಬಂದು ಆ ಮಾತನ್ನು ಅಳಿಸಿ ಅಲ್ಲಿ 'ಉಗ್ರಾಣ' ಎಂದು ಬರೆದಳು. ಉಗ್ರಾಣಕ್ಕೆ ಯಾರ ತಕರಾರೂ ಇರಲಿಲ್ಲ. ಪ್ರಶಸ್ತಿಗೆ ಕಳಿಸುವಾಗ ಸ್ಕೇಲು ಗೋಗರೆದಿದ್ದ. "ಮೇಡಂ, ಕಟ್ಟಡದ ಜೀವ ಇರೋದೇ ಅಲ್ಲಿ. ಒಂದು ಫೋಟೋ ಆದ್ರೂ ಹಾಕೋಣ." ಅವಳು ಒಪ್ಪಲಿಲ್ಲ. ಆ ಜಾಗ ಕೆಲಸ ಮಾಡುವುದೇ ಅದು ಯಾರಿಗೂ ಗೊತ್ತಿಲ್ಲದಿರುವುದರಿಂದ. ಪುಸ್ತಕದಲ್ಲಿ ಅಚ್ಚಾದರೆ, ಪತ್ರಿಕೆಯಲ್ಲಿ ಬಂದರೆ, ನಾಳೆ ಹಜಾರದ ಜನ ಗೋಡೆಗೆ ಕಿವಿ ಹಚ್ಚಿ ಕೂರುತ್ತಾರೆ.

"ಹದಿನಾರು!" ನರ್ಸು ಕರೆದಳು. ಹಸಿರು ಶಾಲಿನವಳು ಬಿಸ್ಕತ್ತಿನ ಪುಡಿ ಕೊಡವಿಕೊಂಡು ಎದ್ದಳು. "ಬರ್ತೀನ್ರೀ. ನಿಮ್ಮ ಚಿಕ್ಕಮ್ಮನೂ ಚೆನ್ನಾಗಾಗ್ಲಿ" ಎಂದು, ಕೂದಲು ಸವರಿಕೊಂಡು, ನೆಂಟರ ಮನೆಗೆ ಹೊರಟವಳ ಹಾಗೆ ಗೋಡೆಯ ಹಿಂದಕ್ಕೆ ಹೋದಳು. ಇವಳು ಕಿವಿಗೊಟ್ಟಳು. ವಾರ್ಡಿನ ಸ್ಪ್ರಿಂಗ್ ಬಾಗಿಲು ಮುಚ್ಚುವಾಗ ಮೆತ್ತಗೆ ದಪ್ ಎನ್ನುತ್ತದೆ. ಮನುಷ್ಯರ ದನಿ ದಾಟದ ಗೋಡೆಯಾದರೂ ಆ ಅದುರು ಮಾತ್ರ ನೆಲದ ಮೂಲಕ ಹಜಾರಕ್ಕೆ ಬರುತ್ತದೆ. ಗೊತ್ತಿಲ್ಲದವರಿಗೆ ಅದು ಆಸ್ಪತ್ರೆಯ ನೂರು ಸದ್ದುಗಳಲ್ಲಿ ಒಂದು. ಆ ಬಾಗಿಲನ್ನು ತಾನೇ ಆರಿಸಿ ತಂದವಳಿಗೆ ಮಾತ್ರ ಅದು ಗೊತ್ತು. ಕಾದಳು. ಮೊದಲು ಮಾತಾಡುತ್ತಾರೆ, ಡಾಕ್ಟರು ಏನೋ ವಿವರಿಸುತ್ತಿರಬಹುದು. ಇನ್ನೂ ಕಾದಳು. ಮುದುಕನ ಗೊರಕೆ, ಯಾರದೋ ಫೋನು, ಹೊರಗೆ ಗಾಡಿಯ ಹಾರನ್ನು. ದಪ್ ಎನ್ನಲಿಲ್ಲ. ಹಜಾರದಲ್ಲಿ ಯಾರೂ ತಲೆಯೆತ್ತಲಿಲ್ಲ. ಒಬ್ಬ ತಾಯಿ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಅಲ್ಲೇ, ಕೈಚಾಚುವ ದೂರದಲ್ಲಿ, ಒಬ್ಬ ಹೆಂಗಸಿನ ಲೋಕ ಮುರಿದುಬಿದ್ದಿತ್ತು; ಒಂದು ಕಣ್ಣೂ ಅವಳ ಮೇಲೆ ಬಿದ್ದಿರಲಿಲ್ಲ. ಕೆಲಸ ಮಾಡಿತು, ಎಂದುಕೊಂಡಳು. ನನ್ನ ಗೋಡೆ ಕೆಲಸ ಮಾಡಿತು. ಎದೆಯೊಳಗೆ ಬೆಚ್ಚಗೆ ಏನೋ ಏರಿ ಬಂತು, ಕಣ್ಣು ತುಂಬಿತು. ಅದು ದುಃಖವಲ್ಲ, ಹೆಮ್ಮೆ ಎಂದು ತಿಳಿದಾಗ ತನ್ನನ್ನು ತಾನೇ ಹೊಡೆದುಕೊಳ್ಳುವಂತಾಯಿತು. ಈಗತಾನೆ ಬಿಸ್ಕತ್ತು ಹಂಚಿಕೊಂಡವಳ ಗಂಡ ಸತ್ತದ್ದಕ್ಕೆ ಹೆಮ್ಮೆಪಡುವ ಇವಳು ಎಂಥ ಹೆಂಗಸು? ಆದರೂ ಹೆಮ್ಮೆ ಹೋಗಲಿಲ್ಲ. ನಾಚಿಕೆಯ ಪಕ್ಕದಲ್ಲೇ, ಜಾಗ ಮಾಡಿಕೊಂಡು, ಕೂತೇ ಇತ್ತು. ತಲೆಯೆತ್ತಿ ನೋಡಿದರೆ ಗೂಟಕ್ಕೆ ಕಪ್ಪು ಕೊಡೆ ಹಾಗೇ ತೂಗುತ್ತಿತ್ತು.

"ಇಲ್ಲಿ ಕುಳಿತುಕೊಳ್ಳಬಹುದೆ?" ಎಂದು ಯಾರೋ ಕೇಳಿದರು. ಎತ್ತರದ, ನೆರೆತ ಗಡ್ಡದ ಮನುಷ್ಯ. ಕೊರಳಲ್ಲಿ ಕ್ಯಾಮೆರಾ, ಆಸ್ಪತ್ರೆಯವರು ಕೊಟ್ಟ ಬಿಲ್ಲೆ. ಎಲ್ಲಿಗೆ ಬೇಕಾದರೂ ಹೋಗಬಲ್ಲ ಬಿಲ್ಲೆ. ಅವರು ಭಾಷೆಯನ್ನು ಪುಸ್ತಕದಿಂದ ಕಲಿತವರೆಂದು ಮೊದಲ ಮಾತಿಗೇ ತಿಳಿಯುತ್ತಿತ್ತು. ಹಸಿರು ಶಾಲಿನವಳ ಜಾಗದಲ್ಲಿ, ಮುಂದಿನವರಿಗೆ ತೊಂದರೆಯಾಗದಂತೆ ಮೊಣಕಾಲು ಮಡಚಿ ಕೂತರು. "ತಾವು ಬಹಳ ಹೊತ್ತಿನಿಂದ ಕಾಯುತ್ತಿದ್ದೀರೇನು?" "ಬೆಳಿಗ್ಗೆಯಿಂದ." "ಈ ಕಟ್ಟಡದ ಬಗ್ಗೆ ತಮ್ಮ ಅನಿಸಿಕೆ ತಿಳಿಸಬಹುದೆ? ಇದು ನನ್ನ ಕೆಲಸ." ಟೀಚರು ಎನ್ನಿ, ಎಂದಿದ್ದ ಸ್ಕೇಲು. "ಚೆನ್ನಾಗಿದೆ" ಎಂದಳು. ದನಿ ಗಾಳಿಯಾಗಿ ಬಂತು. ಅವರು ಸ್ವಲ್ಪ ಬಾಗಿ, "ಜನರು ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದಾರಲ್ಲ, ಏಕಿರಬಹುದು?" ಎಂದರು. ಕಣ್ಣು ಚುರುಕಾದ ಮನುಷ್ಯ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಆ ಬಾಗಿಲು ನೋಡ್ತಾ ಕೂರೋಕಾಗಲ್ಲ. ಕಟ್ಟಿದೋರು ಅಲ್ಲಿ ತಪ್ಪಿದಾರೆ. ಬೆಂಚು ಮರದ ಕಡೆ ತಿರುಗಿರಬೇಕಿತ್ತು." ಅವರು ತಲೆದೂಗಿ ಬರೆದುಕೊಂಡರು. ತನ್ನ ಸೋಲನ್ನು ತಾನೇ ಹೇಳಿ ಬರೆಸಿದ್ದು ವಿಚಿತ್ರವಾಗಿತ್ತು. ಹಲ್ಲು ಕೀಳಿಸಿಕೊಂಡ ಹಾಗೆ, ನೋವು, ಜೊತೆಗೆ ಹಗುರ.

"ಇನ್ನೊಂದು ಸಂಗತಿ ನನಗೆ ಅರ್ಥವಾಗುತ್ತಿಲ್ಲ" ಎಂದು ಅವರು ಓರೆ ಗೋಡೆಯತ್ತ ಬೆರಳು ಮಾಡಿದರು. "ನಕ್ಷೆಯಲ್ಲಿ ಅದರ ಹಿಂದೆ ಉಗ್ರಾಣವಿದೆ. ಇಷ್ಟು ಬೆಳಕಿನ ಹಜಾರದಲ್ಲಿ, ಉಗ್ರಾಣಕ್ಕಾಗಿ ಇಷ್ಟು ದಪ್ಪ ಗೋಡೆ! ಇಡೀ ಕಟ್ಟಡದಲ್ಲಿ ಅದೊಂದೇ ಅನಾವಶ್ಯಕ ವಸ್ತು. ಆದರೆ ಇದನ್ನು ವಿನ್ಯಾಸ ಮಾಡಿದವರು ಅನಾವಶ್ಯಕವಾದದ್ದನ್ನು ಮಾಡುವವರಂತೆ ಕಾಣುವುದಿಲ್ಲ. ನಾನು ಒಳಗೆ ನೋಡಿ ಬರುತ್ತೇನೆ." ಕ್ಯಾಮೆರಾದ ಮುಚ್ಚಳ ತೆಗೆಯುತ್ತ ಎದ್ದರು. ಹೊಗಳಿಕೆಯೂ ಅನುಮಾನವೂ ಒಂದೇ ಉಸಿರಿನಲ್ಲಿ ಬಂದಿದ್ದವು. ಹೋಗಲಿ, ನೋಡಲಿ. ನೋಡಿದರೆ ಎಲ್ಲ ಅರ್ಥವಾಗುತ್ತದೆ, ಕಟ್ಟಡದ ಜೀವ ಕಂಡ ಮೇಲೆ ಪ್ರಶಸ್ತಿ ಎಲ್ಲಿಗೆ ಹೋದೀತು? ತಾನು ಸುಮ್ಮನೆ ಕೂತಿದ್ದರೆ ಸಾಕು. ಅಲ್ಲಿ, ಆ ತಿರುವಿನಾಚೆ, ಕಟ್ಟೆಯ ಮೇಲೆ ಹಸಿರು ಶಾಲು ಬಾಯಿಗೊತ್ತಿಕೊಂಡು ಒಬ್ಬಳು ಕೂತಿದ್ದಾಳೆ. ಕ್ಯಾಮೆರಾ ಹಿಡಿದ ಅಪರಿಚಿತನೊಬ್ಬ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಕ್ಷಮಿಸಿ ಎನ್ನುತ್ತಾನೆ, ಒಳ್ಳೆಯವನು. ಆದರೆ ನೋಡಿರುತ್ತಾನೆ.

ಅವಳು ಎದ್ದು ಅವರ ದಾರಿಗೆ ಅಡ್ಡ ನಿಂತಳು. "ಹೋಗ್ಬೇಡಿ." "ಏಕೆ?" ಅವಳು ಅವರಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು: "ಅಲ್ಲಿ ಒಬ್ಬರಿದ್ದಾರೆ. ಅವರನ್ನ ಯಾರೂ ನೋಡ್ಬಾರದು." ಅವರ ಹುಬ್ಬು ಗಂಟಾಯಿತು. ಗೋಡೆಯನ್ನು ನೋಡಿದರು, ನಿಶ್ಚಿಂತೆಯಿಂದ ಬಾಳೆಹಣ್ಣು ತಿನ್ನುವ ಮಗುವನ್ನು, ಮಲಗಿದ ಮುದುಕನನ್ನು ನೋಡಿದರು. ಅವರೂ ದನಿ ತಗ್ಗಿಸಿದರು. "ನನಗೆ ಏನೂ ಕೇಳಿಸಲಿಲ್ಲ. ಇಲ್ಲಿ ಯಾರಿಗೂ ಕೇಳಿಸಿದಂತಿಲ್ಲ." "ಕೇಳಿಸಬಾರದು ಅಂತಲೇ ಕಟ್ಟಿರೋದು." "ಹಾಗಿದ್ದರೆ ತಮಗೆ ಹೇಗೆ ತಿಳಿಯಿತು?" ಅದಕ್ಕೆ ಇದ್ದ ಉತ್ತರ ಒಂದೇ. ಸ್ಕೇಲಿನ ಮುಖ ಕಣ್ಣೆದುರು ಬಂತು. ರಾತ್ರಿ ಹಗಲೆನ್ನದೆ ಪ್ರಶಸ್ತಿಯ ಅರ್ಜಿಯ ಚಿತ್ರ ತಿದ್ದಿದ ಕಚೇರಿಯ ಹುಡುಗಿಯರ ಮುಖಗಳು ಬಂದವು. ಅವರೆಲ್ಲರಿಗೆ ಆಮೇಲೆ ಮುಖ ತೋರಿಸಬೇಕು. "ನಾನು" ಎಂದಳು. "ಕ್ಷಮಿಸಿ, ಏನೆಂದಿರಿ?" ಮತ್ತೆ ಅದೇ ಗಾಳಿ, ಅದೇ ಮೈದಾನ. ಅವಳ ಬೆನ್ನು, ಯಾರೋ ಹಿಂದಿನಿಂದ ಆಜ್ಞೆ ಕೊಟ್ಟ ಹಾಗೆ, ತಾನೇ ನೆಟ್ಟಗಾಯಿತು.

"ಇದನ್ನ ಕಟ್ಟಿದವಳು ನಾನು!"

ದನಿ ಜಾಲಿ ಗೋಡೆಗಳಿಗೆ ತಾಗಿ ಹಜಾರವಿಡೀ ತುಂಬಿತು. ನಾವು ಅಲ್ಲ, ಕಚೇರಿ ಅಲ್ಲ, ಬರಲಿರುವ ಯಾವ ಸಾಹೇಬನೂ ಅಲ್ಲ. ಮೆಟ್ಟಿಲ ಮೇಲಿನವರೆಲ್ಲ ತಿರುಗಿ ನೋಡಿದರು. ನೋಡಿದರೆ ನೋಡಲಿ ಎಂದು ನಿಂತಿದ್ದಳು. ಕಣ್ಣುಗಳು ಮೈಮೇಲೆ ಬಿದ್ದರೂ ಕಾಲು ಓಡಲು ನೋಡಲಿಲ್ಲ. ಕಿಟಕಿ ಕಟ್ಟೆಯ ಮುದುಕ ಟೋಪಿ ಸರಿಸಿ, ನಿದ್ದೆಗಣ್ಣಲ್ಲೇ ಹೇಳಿದ: "ನೀವೇನಾ? ಈ ಕಟ್ಟೆ ಭಾರಿ ಚೆನ್ನಾಗಿದೆ ಕಣಮ್ಮ. ಆ ಬೆಂಚು ಮಾತ್ರ ಸ್ವಲ್ಪ ತಿರುಗಿಸಿಬಿಡಿ." ಜನ ನಕ್ಕರು, ಅವಳೂ ನಕ್ಕಳು, ಈ ಸಲ ಹೊಟ್ಟೆ ಉರಿಯದೆ. "ತಿರುಗಿಸ್ತೀನಿ ಅಜ್ಜಾ."

ಪರಿಶೀಲಕ ಕ್ಯಾಮೆರಾಕ್ಕೆ ಮುಚ್ಚಳ ಹಾಕಿದರು. ಬಹಳ ಹೊತ್ತು ಆ ಗೋಡೆಯನ್ನೇ, ಅದರ ಹಿಂದಿನದು ಕಾಣುತ್ತಿದೆಯೋ ಎಂಬಂತೆ, ನೋಡಿದರು. "ತಾವು ಇಲ್ಲಿದ್ದಿರಿ ಎಂಬುದನ್ನು ನಾನು ತಿಳಿಸಲೇಬೇಕಾಗುತ್ತದೆ" ಎಂದರು, ತಪ್ಪು ತಮ್ಮದೇ ಎಂಬಂತೆ. "ತಿಳಿಸಿ." "ಅದರ ಪರಿಣಾಮ ತಮಗೆ ಗೊತ್ತು." "ಗೊತ್ತು." "ಮತ್ತು ಈ ಗೋಡೆ? ಇದರ ಬಗ್ಗೆ ಏನೆಂದು ಬರೆಯಲಿ?" ಅವಳು ಗೂಟದಿಂದ ಕೊಡೆಯನ್ನು ತೆಗೆದುಕೊಂಡಳು. "ಉಗ್ರಾಣ ಅಂತಲೇ ಇರಲಿ." ಅವರು ತಲೆಬಾಗಿಸಿದರು. ಆಮೇಲೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಜನರ ನಡುವೆ ಮೆಟ್ಟಿಲ ಮೇಲೆ ಕೂತರು.

"ಇಪ್ಪತ್ತೊಂದು!"

ಅವಳು ಕೊಡೆಯನ್ನು ಹಿಡಿದುಕೊಂಡೇ ಹೋದಳು. ಗೋಡೆಯ ಹಿಂದೆ ಅವಳು ಬರೆದದ್ದೇ ಇತ್ತು, ಎಡ ಮತ್ತು ಬಲ. ಆದರೆ ಕಾಗದದ ಮೇಲೆ ಅವೆರಡರ ನಡುವೆ ಇಷ್ಟು ದೂರವಿರಲಿಲ್ಲ. ಬಲದ ತಿರುವಿನಾಚೆಯಿಂದ ನಲ್ಲಿಯ ನೀರು ಬೀಳುವ ಸದ್ದು ಬರುತ್ತಿತ್ತು. ಅತ್ತ ನೋಡದೆ, ಕೈಯನ್ನಷ್ಟೇ ಚಾಚಿ, ಕೊಡೆಯನ್ನು ತಿರುವಿನ ಗೋಡೆಗೆ ಒರಗಿಸಿ ಇಟ್ಟಳು. ನರ್ಸು ಅವಳ ಮುಖವನ್ನು ಒಮ್ಮೆ ನೋಡಿ, "ಈ ಕಡೆ ಅಮ್ಮಾ" ಎಂದು ಎಡಕ್ಕೆ ಕೈ ತೋರಿಸಿದಳು. ಸ್ಪ್ರಿಂಗಿನ ಬಾಗಿಲು ಅವಳ ಹಿಂದೆ ದಪ್ ಎಂದಿತು.

ಚಿಕ್ಕಮ್ಮ ಬಿಳಿಯ ಹೊದಿಕೆಯೊಳಗೆ ಅರ್ಧದಷ್ಟಾಗಿ ಮಲಗಿದ್ದಳು. ಅರಿವಳಿಕೆಯ ಮತ್ತು ಇನ್ನೂ ಇಳಿದಿರಲಿಲ್ಲ. ಬೆರಳುಗಳು ಎದೆಯ ಮೇಲೆ ಸೀಟಿಯನ್ನು ಹುಡುಕುತ್ತಿದ್ದವು. ಇವಳು ಆ ಕೈ ಹಿಡಿದುಕೊಂಡಳು. ಕಣ್ಣು ತೆರೆಯದೆಯೇ ಚಿಕ್ಕಮ್ಮ ಕೇಳಿದಳು, "ಬಂದಿದ್ನಾ ಅವನು?"

"ಬಂದಿದ್ರು."

"ಹೇಳಿದ್ಯಾ?"

"ಹೇಳಿದೆ ಚಿಕ್ಕಮ್ಮ. ಪ್ರಶಸ್ತಿ ಹೋಯ್ತು."

"ಅದಿರ್ಲಿ. ಜೋರಾಗಿ ಹೇಳಿದ್ಯಾ?"

"ಜೋರಾಗಿ ಹೇಳಿದೆ."

ಚಿಕ್ಕಮ್ಮನ ಒಣಗಿದ ತುಟಿಯ ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. "ಹೂಂ. ಕೇಳಿಸ್ತು" ಎಂದಳು.

ಸುಳ್ಳು. ಆ ಗೋಡೆ ದಾಟಿ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಅದು ಎಂಥ ಗೋಡೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?